ಹುಸೇನಪ್ಪ ನೀರಿನ ಡಂಗುರ ಸಾರಿದ ದಿನ

ಕಂಪ್ಲಿಯಿಂದ ಎಮ್ಮಿಗನೂರಿನ ಕಡೆ ಹೋಗುವಾಗ ಕಾಲುವೆ ದಾಟಿದರೆ ಬಲಗಡೆಗೆ ಒಂದು ಊರು ಸಿಗುತ್ತದೆ. ಹೆಸರು ಇಲ್ಲಿ ಬೇಡ. ಹೆಸರು ಬರೆದರೆ ಊರಿನವರಿಗಿಂತ ಮೊದಲು ಕಂಪನಿಯ ವಕೀಲರು ಓದುತ್ತಾರೆ. ಆ ಊರಿನಲ್ಲಿ ಡಂಗುರ ಸಾರುವವನು ಹುಸೇನಪ್ಪ. ಅವನ ಅಪ್ಪ ಗಾಳೆಪ್ಪನೂ ಅದನ್ನೇ ಮಾಡುತ್ತಿದ್ದ. ಹೆಗಲಿಗೆ ಇಳಿಬಿಟ್ಟ ಚರ್ಮದ ಹಲಗೆ, ಕೈಯಲ್ಲಿ ಎರಡು ಕಡ್ಡಿ, ಒಂದು ಓಣಿಯ ತಲೆಗೆ ನಿಂತು ಕೂಗಿದರೆ ಇನ್ನೊಂದು ತಲೆಯವರಿಗೆ ಕೇಳುವ ಗಂಟಲು, ಇಷ್ಟೇ ಅವನ ಬಂಡವಾಳ. ಉಳಿದ ಹೊತ್ತಿನಲ್ಲಿ ಅವನೂ ಹೆಂಡತಿ ಉಚ್ಚಂಗೆಮ್ಮನೂ ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡುತ್ತಾರೆ.

ಕಾಲುವೆಗೆ ನೀರು ಬಿಡುವುದು, ಕರೆಂಟು ತೆಗೆಯುವುದು, ದನಗಳಿಗೆ ಚುಚ್ಚುಮದ್ದು, ಪಡಿತರ ಅಕ್ಕಿ, ಯಾರದೋ ತಪ್ಪಿಸಿಕೊಂಡ ಎಮ್ಮೆ, ಎಲ್ಲವೂ ಅವನ ಬಾಯಿಂದಲೇ ಊರಿಗೆ ಗೊತ್ತಾಗಬೇಕು. ಪಂಚಾಯಿತಿಯವರು ಒಮ್ಮೆ ಸುಧಾರಿಸಲು ಹೋಗಿ ಆಟೊಗೆ ಮೈಕು ಕಟ್ಟಿ ನೋಡಿದರು. ಸ್ಟೀಲ್ ಪಾತ್ರೆ ಮಾರುವವನು ಬಂದನೋ ಓಟು ಕೇಳುವವನು ಬಂದನೋ ಎಂದು ಜನ ಬಾಗಿಲು ಹಾಕಿಕೊಂಡರು. ಹಲಗೆಯ ಸದ್ದು ಕೇಳಿದರೆ ಮಾತ್ರ ಒಲೆಯ ಮುಂದಿದ್ದವರೂ ಎದ್ದು ಹೊರಗೆ ಬರುತ್ತಿದ್ದರು. ಕೊರೊನಾದ ದಿನಗಳಲ್ಲಿ ಪೊಲೀಸರು ಲಾಠಿ ತೋರಿಸಿಯೂ ಒಳಗೆ ಕಳಿಸಲಾಗದ ಹುಡುಗರನ್ನು ಹುಸೇನಪ್ಪ ಬರೀ ಕೂಗಿ ಕಳಿಸಿದ್ದ.

ಮಗಳು ಭವ್ಯಳಿಗೆ ಇದು ಸೇರುತ್ತಿರಲಿಲ್ಲ. ಹೊಸಪೇಟೆಯ ಶಾಲೆಯಲ್ಲಿ ಟೀಚರಾಗಿರುವ ಅವಳು ಮನೆಯ ಗೋಡೆಗೆ ಬುದ್ಧನ ಪಟ, ಅಂಬೇಡ್ಕರರ ಪಟ ತಂದು ಹಾಕಿದ್ದಳು. ಅದೇ ಗೋಡೆಯ ಗೂಟಕ್ಕೆ ಅಪ್ಪ ಹಲಗೆಯನ್ನೂ ತೂಗುಹಾಕುತ್ತಿದ್ದ. ಬಂದಾಗೊಮ್ಮೆ ಅವಳ ಕಣ್ಣು ಅದರ ಮೇಲೆ ಬೀಳುತ್ತಿತ್ತು.

"ಅಪ್ಪಾ, ಊರಿನ ಮಾತು ಹೊತ್ತಿದ್ದು ಸಾಕು. ಅವರ ಬಾಯಿ ಅವರಿಗೆ ಐತಲ್ಲ, ಅವರ ಕೂಗಲಿ," ಎನ್ನುತ್ತಿದ್ದಳು.

"ನಾ ಏನ್ ಕಳುವು ಮಾಡೀನೇನವ್ವ? ಇದ್ದದ್ದು ಹೇಳತೀನಿ," ಎಂದು ಅವನು ನಗುತ್ತಿದ್ದ. ಅವಳು ನಗುತ್ತಿರಲಿಲ್ಲ.

ಅವಳ ಸಿಟ್ಟಿಗೆ ಕಾರಣ ಇತ್ತು. ಊರಿನ ದೊಡ್ಡ ಓಣಿಯ ಮೊದಲ ಮನೆ ಅಕ್ಕಿ ಗಿರಣಿಯ ತೋಟಪ್ಪನದು. ತೋಟಪ್ಪ ಈಗ ಪಂಚಾಯಿತಿ ಅಧ್ಯಕ್ಷ. ಅವನ ತಾಯಿ ಮರುಳಸಿದ್ದಮ್ಮನಿಗೆ ಎಂಬತ್ತು ದಾಟಿದೆ, ಸ್ವಲ್ಪ ಕಿವಿ ಮಂದ. ಹುಸೇನಪ್ಪ ಮೊದಲು ಅಲ್ಲಿ ನಿಂತು ಸಾರಿ, ಆಮೇಲೆ ಮನೆ ಮುಂದಿನ ಕಟ್ಟೆಯ ಹತ್ತಿರ ಹೋಗಿ ಅವಳಿಗೆ ಇನ್ನೊಮ್ಮೆ ಹೇಳಬೇಕು. ಅವಳು ಪ್ರೀತಿಯಿಂದಲೇ ಕಟ್ಟೆಯ ಕೆಳಗೆ ಕೂಡಿಸಿ ಮಾತಾಡಿಸುತ್ತಾಳೆ, ಭವ್ಯಳ ಮದುವೆ ಯಾವಾಗ ಎಂದು ಕೇಳುತ್ತಾಳೆ, ನೀರು ಬೇಕೇ ಎಂದೂ ಕೇಳುತ್ತಾಳೆ. ಆ ನೀರು ಬರುವುದು ಮಾತ್ರ ಹೊರಗಿನ ಗೂಡಿನಲ್ಲಿ ಬೋರಲು ಹಾಕಿಟ್ಟ ಸ್ಟೀಲ್ ಲೋಟದಲ್ಲಿ. ಕುಡಿದು, ತೊಳೆದು, ಮತ್ತೆ ಅಲ್ಲೇ ಬೋರಲು ಹಾಕಬೇಕು. ಕಾನೂನು ಬಂದು ಎಷ್ಟು ಕಾಲವಾಯಿತು, ಮೊಬೈಲು ಬಂತು, ಗೂಡಿನ ಲೋಟ ಅಲ್ಲೇ ಇದೆ. ಹುಸೇನಪ್ಪ ಅದರ ಬಗ್ಗೆ ಮನೆಯಲ್ಲಿ ಮಾತೆತ್ತುತ್ತಿರಲಿಲ್ಲ. ಆದರೆ ಬಿಸಿಲಲ್ಲಿ ಗಂಟಲೊಣಗಿದರೂ ಆ ಮನೆಯಲ್ಲಿ ಬಾಯಾರಿಕೆ ಇಲ್ಲ ಎನ್ನುವುದನ್ನು ಎಂದೋ ಕಲಿತಿದ್ದ.

ಹಿಂಗಾರಿನ ನಾಟಿ ಮುಗಿದಿತ್ತು. ಟಿವಿಯಲ್ಲಿ ಯಾವುದೋ ಸಮುದ್ರದಲ್ಲಿ ಹಡಗು ಮಗುಚಿ ಎಣ್ಣೆ ಚೆಲ್ಲಿದ್ದನ್ನು ತೋರಿಸಿದಾಗ ಊರಿನವರು ಪಾಪ ಮೀನುಗಾರರು ಎಂದು ಲೊಚಗುಟ್ಟಿ ಚಾನೆಲ್ ಬದಲಿಸಿದ್ದರು. ಸ್ವಲ್ಪ ದಿನಕ್ಕೆ ಅದು ತಮ್ಮ ಮನೆ ಬಾಗಿಲಿಗೇ ಬಂತು. ಮೇಲ್ಗಡೆಯ ಕಾರ್ಖಾನೆಯೊಂದರಲ್ಲಿ ಕುಲುಮೆಗೆ ಉರಿಸುವ ಕಪ್ಪು ಎಣ್ಣೆಯ ಟ್ಯಾಂಕು ಒಡೆದು, ಎಣ್ಣೆ ಹಳ್ಳಕ್ಕೆ ಬಂದು, ಹಳ್ಳದಿಂದ ಕಾಲುವೆಗೆ ಇಳಿದು, ಕಾಲುವೆಯಿಂದ ಊರಿನ ಕುಡಿಯುವ ನೀರಿನ ಕೆರೆ ಸೇರಿತು. ಬೆಳಿಗ್ಗೆ ನೋಡಿದರೆ ಕೆರೆಯ ಮೇಲೆ ನವಿಲಿನ ಬಣ್ಣ, ದಂಡೆಗೆ ಡಾಂಬರಿನಂಥ ರಾಡಿ. ನಾಟಿ ಮಾಡಿದ ಭತ್ತದ ಸಸಿಗಳು ಬುಡದಲ್ಲಿ ಕಪ್ಪಾಗಿ ನಿಂತಿದ್ದವು.

ಅವತ್ತು ಹುಸೇನಪ್ಪ ಹಲಗೆಯನ್ನು ಬೆಂಕಿಗೆ ಕಾಯಿಸಲೂ ನಿಲ್ಲದೆ ಓಡಿದ. "ಕೇಳ್ರಪ್ಪೋ ಕೇಳ್ರಿ, ನಳದ ನೀರು ಯಾರೂ ಕುಡೀಬ್ಯಾಡ್ರಿ, ದನಕ್ಕ ಕುಡಿಸಬ್ಯಾಡ್ರಿ, ಮಕ್ಕಳ ಮೈ ತೊಳೀಬ್ಯಾಡ್ರಿ." ಒಬ್ಬರೂ ಕುಡಿಯಲಿಲ್ಲ. ತುಂಬಿಟ್ಟ ಕೊಡಗಳನ್ನು ಜನ ಚರಂಡಿಗೆ ಸುರಿದರು.

ಆಮೇಲೆ ಊರು ಸಿಟ್ಟಿಗೆದ್ದಿತು. ಟ್ರ್ಯಾಕ್ಟರುಗಳನ್ನು ಅಡ್ಡ ನಿಲ್ಲಿಸಿ ಕಂಪ್ಲಿ ರಸ್ತೆ ಬಂದ್ ಮಾಡಿದರು. ಕಂಪನಿಯ ಯಜಮಾನನೇ ಬಂದು ಉತ್ತರ ಹೇಳಬೇಕು ಎಂದು ಪಟ್ಟು ಹಿಡಿದರು. ಯಜಮಾನ ಎಲ್ಲಿದ್ದಾನೆಂದು ಕಂಪನಿಯವರಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಬಂದವನು ಒಬ್ಬ ಬಿಳಿ ಅಂಗಿಯ ಅಧಿಕಾರಿ. ಟ್ಯಾಂಕು ಗುತ್ತಿಗೆದಾರನದು ಎಂದ. ಗುತ್ತಿಗೆದಾರ ಫೋನಿನಲ್ಲಿ, ಟ್ಯಾಂಕು ತನ್ನದಾದರೂ ಎಣ್ಣೆ ಹೊರಗೆ ಹರಿಯದಂತೆ ಅದರ ಸುತ್ತ ಕಟ್ಟಿದ ಕಟ್ಟೆ ಕಂಪನಿಯದು ಎಂದ. ಕಟ್ಟೆ ಕಟ್ಟಿದವನು ಬೇರೆ, ಅವನು ಊರಲ್ಲೇ ಇಲ್ಲ. ಇಷ್ಟೊಂದು ಎಣ್ಣೆ, ಅದಕ್ಕೊಬ್ಬ ಅಪ್ಪ ಇಲ್ಲ. "ನಿಮ್ಮ ನೋವಿನಲ್ಲಿ ನಾವೂ ಭಾಗಿಗಳು" ಎಂದು ಆ ಅಧಿಕಾರಿ ಹೇಳಿದಾಗ ಹೆಂಗಸರು ಖಾಲಿ ಕೊಡಗಳನ್ನು ಅವನ ಕಾರಿನ ಸುತ್ತ ಇಟ್ಟು ಕೂತುಬಿಟ್ಟರು. ಉಚ್ಚಂಗೆಮ್ಮನೂ ಕೂತಿದ್ದಳು, ಹುಸೇನಪ್ಪನೂ ಕೂತಿದ್ದ. ಜೀವಮಾನದಲ್ಲಿ ಅವನಿಗೆ ಅಂಥ ಸಿಟ್ಟು ಬಂದಿರಲಿಲ್ಲ. ಗದ್ದೆ ಇದ್ದವರಿಗೆ ಪರಿಹಾರದ ಮಾತಾದರೂ ಇತ್ತು. ಅವನಂಥ ಕೂಲಿಯವರ ಕೆಲಸ ನಿಂತದ್ದರ ಮಾತನ್ನು ಯಾರೂ ಎತ್ತಲಿಲ್ಲ.

ಕಡೆಗೆ ಕಂಪನಿ ದಿನಾಲು ಟ್ಯಾಂಕರಿನಲ್ಲಿ ನೀರು ಕಳಿಸಲು ಒಪ್ಪಿತು. ಕೂಲಿಯವರನ್ನು ಕರೆಸಿ ಕೆರೆಗೆ ಭತ್ತದ ಹುಲ್ಲು ಹಾಕಿಸಿ ಎಣ್ಣೆ ಹೀರಿಸಿತು. ನೀರು ಬಂದಂತೆ ಸಿಟ್ಟು ಇಳಿಯಿತು. ಸರದಿಯಲ್ಲಿ ಕೊಡ ಇಟ್ಟು ನಿಂತ ಜನ ಈಗ ಕಂಪನಿಯನ್ನು ಬಿಟ್ಟು ಒಬ್ಬರನ್ನೊಬ್ಬರು ಬೈಯತೊಡಗಿದ್ದರು. ಮರುಳಸಿದ್ದಮ್ಮನ ಮನೆಗೆ ಕ್ಯಾನ್ ನೀರು ಬರುತ್ತಿತ್ತು, ಅವಳಿಗೆ ಅದರ ಪ್ಲಾಸ್ಟಿಕ್ಕಿನ ವಾಸನೆ ಒಗ್ಗದು. ಹುಸೇನಪ್ಪ ಕಂಡಾಗಲೆಲ್ಲ ಕೇಳುತ್ತಿದ್ದಳು, "ಏನೋ ಹುಸೇನ್ಯಾ, ನಳದ ನೀರು ಕುಡೀಬೌದೇನೋ? ನಮ್ಮ ತೋಟಪ್ಪ ಚಲೋ ಆತು ಅಂತಾನ. ನೀ ಹೇಳಿದ್ರ ಮಾತ್ರ ಕುಡೀತೀನಿ ನೋಡು."

"ಇನ್ನಾ ಇಲ್ರಿ ಅವ್ವಾರ," ಎನ್ನುತ್ತಿದ್ದ ಹುಸೇನಪ್ಪ.

ಒಂದು ಬೆಳಿಗ್ಗೆ ತೋಟಪ್ಪ ಅವನನ್ನು ಪಂಚಾಯಿತಿಗೆ ಕರೆಸಿದ. ಅದೇ ಬಿಳಿ ಅಂಗಿಯ ಅಧಿಕಾರಿ ಕುರ್ಚಿಯಲ್ಲಿದ್ದ.

"ನೀರು ಚಲೋ ಆಗೇತಿ ಹುಸೇನಪ್ಪ. ಇವತ್ತಿಂದ ನಳದ ನೀರು ಕುಡೀಬೌದು ಅಂತ ಸಾರಿಬಿಡು," ಎಂದ ತೋಟಪ್ಪ.

"ಕೆರೆ ಈಗ ಪೂರ್ತಿ ಕ್ಲಿಯರ್ ಇದೆ," ಎಂದ ಅಧಿಕಾರಿ. "ನಾವು ಎಷ್ಟು ಹೇಳಿದರೂ ಜನ ನಂಬುತ್ತಿಲ್ಲ. ನೀವು ಹೇಳಿದರೆ ನಂಬುತ್ತಾರಂತೆ."

ತೋಟಪ್ಪ ಕೆಟ್ಟವನಲ್ಲ. ನಾಳೆಯಿಂದ ಟ್ಯಾಂಕರ್ ನಿಲ್ಲುತ್ತದೆ ಎಂದು ಕಂಪನಿ ಹೇಳಿಬಿಟ್ಟಿತ್ತು. ಬೋರಿನ ನೀರು ಫ್ಲೋರೈಡಿನದು, ಕುಡಿದವರ ಹಲ್ಲು ಮೂಳೆ ಉಳಿಯುವುದಿಲ್ಲ. ತಕರಾರಿಲ್ಲದೆ ಮುಗಿಸಿದರೆ ಊರಿಗೊಂದು ಶುದ್ಧ ನೀರಿನ ಘಟಕ ಕಟ್ಟಿಸಿಕೊಡುವ ಆಸೆಯನ್ನೂ ತೋರಿಸಿದ್ದರು. ಅಧ್ಯಕ್ಷನಾದವನು ಏನಾದರೊಂದು ಮಾಡಬೇಕಲ್ಲ. ಕಣ್ಣಿಗೆ ಕಂಡದ್ದು ಹುಸೇನಪ್ಪನ ಗಂಟಲು.

"ಆತ್ರಿ," ಎಂದ ಹುಸೇನಪ್ಪ. ಆ ಕಟ್ಟಡದಲ್ಲಿ ಅವನಿಗೆ ಬೇರೆ ಮಾತು ಹೇಳಿ ರೂಢಿ ಇರಲಿಲ್ಲ.

ಚಳಿಗೆ ಹಲಗೆಯ ಚರ್ಮ ಸಡಿಲಾಗಿರುತ್ತದೆ, ಬೆಂಕಿಗೆ ಹಿಡಿದು ಕಾಯಿಸಿದರೆ ದನಿ ಬಿಗಿಯಾಗುತ್ತದೆ. ಹುಸೇನಪ್ಪ ಕೆರೆಯ ಏರಿಯ ಮೇಲೆ ಕೂತು, ಅಲ್ಲೇ ಬಿದ್ದಿದ್ದ ಹುಲ್ಲು ಒಂದು ಹಿಡಿ ಎಳೆದುಕೊಂಡು ಬೆಂಕಿಕಡ್ಡಿ ಗೀರಿದ. ಹುಲ್ಲು ಭಗ್ಗನೆ ಹೊತ್ತಿ ಕಪ್ಪು ಹೊಗೆ ಎದ್ದು ಮೂಗಿಗೆ ಅಡರಿತು. ಅದು ಹಿಂದಿನ ಸಂಜೆಯಷ್ಟೇ ಕೆರೆಯಿಂದ ಎಳೆದು ಹಾಕಿದ ಹುಲ್ಲು. ಅತ್ತ ಇನ್ನೊಂದು ದಂಡೆಯಲ್ಲಿ ಕಂಪನಿಯ ಕೂಲಿಯವರು ಹೊಸ ಹುಲ್ಲು ಹಾಕುತ್ತಲೂ ಇದ್ದರು. ಕೆರೆಯಲ್ಲಿ ಎಣ್ಣೆ ಇನ್ನೂ ಇದೆ ಎಂದು ಹುಸೇನಪ್ಪನಿಗೆ ಗೊತ್ತಾಯಿತು. ಗೊತ್ತಾಗಿಯೂ ಎದ್ದ. ತಾನು ಬರೀ ಬಾಯಿ, ಮಾತು ಅವರದು, ಪಾಪವೂ ಅವರದೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ದೊಡ್ಡ ಓಣಿಗೆ ಬಂದ.

ತೋಟಪ್ಪನ ಮನೆಯ ಮುಂದೆ ನಿಂತು ಹಲಗೆ ಬಾರಿಸಿದ. "ಕೇಳ್ರಪ್ಪೋ ಕೇಳ್ರಿ. ಕೆರಿ ನೀರು ಚಲೋ ಆಗೇತಿ. ಇವತ್ತಿಂದ ನಳದ ನೀರು ಎಲ್ಲಾರೂ ಕುಡೀಬೌದು."

ಅವನ ಕಿವಿಗೇ ತನ್ನ ದನಿ ಬೇರೆ ಯಾರದೋ ಅನ್ನಿಸಿತು. ಬಾಗಿಲುಗಳು ತೆರೆದವು. ಎದುರು ಮನೆಯ ಹೆಂಗಸು ಆಗಲೇ ನಳದ ಕೆಳಗೆ ಕೊಡ ಹಿಡಿದಿದ್ದಳು. ಇತ್ತ ಮರುಳಸಿದ್ದಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದು, ಕಟ್ಟೆಯ ಮೇಲಿನ ನಳ ತಿರುಗಿಸಿ, ತನ್ನ ತಾಮ್ರದ ಚೊಂಬು ತುಂಬಿಕೊಂಡಳು.

"ಕೇಳಿಸ್ತೋ ಹುಸೇನ್ಯಾ, ಈ ಸಲ ನನಗೂ ಕೇಳಿಸ್ತು. ನೀ ಹೇಳಿದ್ಯಲ್ಲ, ಸಾಕು," ಎಂದು ಚೊಂಬನ್ನು ಬಾಯಿಗೆ ಎತ್ತಿದಳು.

ಹುಸೇನಪ್ಪ ಕಟ್ಟೆ ಹತ್ತಿದ. ಆ ಕಟ್ಟೆಯ ಮೇಲೆ ಅವನು ಹಿಂದೆಂದೂ ಕಾಲಿಟ್ಟವನಲ್ಲ. ಅವಳ ಕೈಯಿಂದ ಚೊಂಬು ಕಿತ್ತುಕೊಂಡು ನೀರನ್ನು ಅಂಗಳಕ್ಕೆ ಚೆಲ್ಲಿದ. ಒಳಗಿನಿಂದ ಸೊಸೆ ಓಡಿ ಬಂದವಳು ಅವನ ಕೈಯಲ್ಲಿ ಅತ್ತೆಯ ಚೊಂಬು ನೋಡಿ ಬಾಗಿಲಲ್ಲೇ ನಿಂತಳು.

"ಕುಡೀಬ್ಯಾಡ್ರಿ ಅವ್ವಾರ."

"ಈಗ ನೀನ ಹೇಳಿದ್ಯಲ್ಲೋ."

"ಸುಳ್ಳು ಹೇಳಿದೆ ನಾ," ಎಂದ ಹುಸೇನಪ್ಪ. ಚೊಂಬನ್ನು ಅವಳ ಕೈಗೇ ಕೊಟ್ಟ. ಮುದುಕಿ ಅದನ್ನು ತೆಗೆದುಕೊಂಡಳು.

ಅವನು ಕೆಳಗಿಳಿದು ಮತ್ತೆ ಓಣಿಯ ನಡುವೆ ನಿಂತು ಹಲಗೆ ಬಾರಿಸಿದ, ಈ ಸಲ ಸ್ವಲ್ಪ ಜೋರಾಗಿಯೇ. "ಕೇಳ್ರಪ್ಪೋ ಕೇಳ್ರಿ. ಈಗ ಸಾರಿದ್ದು ಸುಳ್ಳು. ಕೆರ್‍ಯಾಗ ಇನ್ನಾ ಎಣ್ಣಿ ಐತಿ. ಹೀರಿದ ಹುಲ್ಲು ಇವತ್ತೂ ಉರೀತೈತಿ, ಬೇಕಾದ್ರ ಬಂದು ನೋಡ್ರಿ. ಈ ನೀರು ಕಂಪನಿಯೋರು ಕುಡಿದಿಲ್ಲ, ಅಧ್ಯಕ್ಷರು ಕುಡಿದಿಲ್ಲ, ನಾನೂ ಕುಡಿದಿಲ್ಲ. ನೀವೂ ಕುಡೀಬ್ಯಾಡ್ರಿ."

ಎದುರು ಮನೆಯವಳು ಕೊಡ ಬೋರಲು ಹಾಕಿದಳು. ಹುಸೇನಪ್ಪ ಎರಡನೆಯ ಓಣಿಯಲ್ಲೂ ಅದನ್ನೇ ಸಾರಿದ. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಹಿಂದೆ ಜನ ಸೇರಿದ್ದರು. ಹೆಂಗಸರ ಕಂಕುಳಲ್ಲಿ ಮತ್ತೆ ಖಾಲಿ ಕೊಡಗಳು ಬಂದಿದ್ದವು, ಮತ್ತೆ ಕಂಪನಿಯ ಹೆಸರು ಹಿಡಿದು ಬೈಗುಳ ಶುರುವಾಗಿತ್ತು. ಬೀದಿಯ ಕೊನೆಯಿಂದ ತೋಟಪ್ಪನ ಬೈಕು ಬಂದು ಅವನ ಮುಂದೆ ನಿಂತಿತು. ಹಿಂದಿನ ಸೀಟಿನಲ್ಲಿ ಬಿಳಿ ಅಂಗಿಯ ಅಧಿಕಾರಿ ಇದ್ದ.

"ಲೇ, ಏನ್ ಸಾರಾಕತ್ತೀಯೋ? ನಾ ಹೇಳಿದ್ದೇನು, ನೀ ಕೂಗೋದೇನು?" ತೋಟಪ್ಪನ ಮುಖ ಕೆಂಪಾಗಿತ್ತು. "ನಾಳೆಯಿಂದ ಪಂಚಾಯ್ತಿ ಮೆಟ್ಟಿಲು ಹತ್ತಬ್ಯಾಡ ನೀ. ಹೇಳು, ಇದನ್ನ ಸಾರಂತ ನಿನಗ ಯಾರು ಹೇಳ್ಯಾರ?"

ಹುಸೇನಪ್ಪ ಕಡ್ಡಿಗಳೆರಡನ್ನೂ ಒಂದೇ ಕೈಗೆ ತೆಗೆದುಕೊಂಡ. ಅವನನ್ನೂ ಅವನ ಅಪ್ಪನನ್ನೂ ಆ ಊರಿನಲ್ಲಿ ಅಷ್ಟು ವರ್ಷದಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ, ಕೇಳುವ ಪ್ರಸಂಗವೇ ಬಂದಿರಲಿಲ್ಲ.

"ಯಾರೂ ಹೇಳಿಲ್ರಿ ಅಧ್ಯಕ್ಷರ," ಎಂದ. "ಇದು ನಂದ ಮಾತು."

ಹಾಗೆಂದು, ಬೈಕಿನ ಪಕ್ಕದಿಂದ ಹಾದು, ಅವನು ಉಳಿದ ಓಣಿಗಳ ಕಡೆ ನಡೆದ.