ಶಂಕ್ರಮ್ಮನ ಬೈಗುಳದ ಶ್ರುತಿ

ಸೈದಾಪುರದಾಗ ಬಾಯಿ ಅಂದ್ರ ನಮ್ಮ ಓಣಿ ಶಂಕ್ರಮ್ಮನ ಬಾಯಿ. ಕುರಿ ಕಾದು ಬೆಳೆದ ದನಿ. ಕೂಗಿದರ ಸ್ಟೇಷನ್ ತನಕ ಕೇಳತೈತಿ. ಫ್ಯಾಕ್ಟರಿಗೆ ದುಡಿಯಾಕ ಹೋದವರ ಮಕ್ಕಳನ್ನ ದಿನಾ ಸಂಜಿಗೆ ಕೂಡಿಸಿ ಹಾಡು ಕಲಿಸ್ತಾಳ.

ಅವರೊಳಗ ಪರಿಮಳಾ ಅನ್ನೋ ಹುಡುಗಿ, ತಾಯಿ ಸತ್ತಾಗಿಂದ ತುಟಿ ಪಿಟಕ್ ಅಂದಿರಲಿಲ್ಲ. "ಪಾಪ, ಕೂಸು ಸುಮ್ಮ ಕೂಡ್ಲಿ ಬಿಡ" ಅಂದೆ ನಾನು. ಶಂಕ್ರಮ್ಮ ಕೇಳಬೇಕಲ್ಲ! ದಿನಾ ಆಕೀ ಮುಂದ ನಿಂತು, "ಬಾಯಾಗೇನ್ ಬೆಲ್ಲ ಇಟ್ಕೊಂಡಿ? ಹಾಡು!" ಅಂತ ಬೈತಿದ್ಲು.

ಮೊನ್ನಿ ಶಂಕ್ರಮ್ಮನೇ ಹಾಡಿನ ನಡುವ ಸಾಲು ಮರ್ತು ನಿಂತಳು. ಪರಿಮಳಾನ ಸಣ್ಣ ದನಿ ರಾಗ ಎಳಕೋತ ಬಂತು: "ಬಾಯಾಗೇನ್ ಬೆಲ್ಲ ಇಟ್ಕೊಂಡಿ..."

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಶಂಕ್ರಮ್ಮ ಮಾತ್ರ ಗದರಿದಳು: "ಶ್ರುತಿ ಇಳದೈತಿ. ಇನ್ನೊಮ್ಮಿ ಬೈ!"