ಬೇವಿನ ಗಿಡದ ಹತ್ತಿರ ಇಳಿದದ್ದು

ನಿಂಬರ್ಗಾದಿಂದ ಸರಸಂಬಾಕ್ಕೆ ಹೊಲಗಳ ನಡುವಿನ ದಾರಿ ಹಿಡಿದು ಸೈಕಲ್ ತುಳಿಯುತ್ತ ಬಂದೆ. ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟಿದೆ. ಇಷ್ಟು ದಾರಿಗೆ ಎದುರಾದದ್ದು ಎತ್ತಿನ ಗಾಡಿ ಒಂದೇ. ತಗ್ಗು ಸಿಕ್ಕಲ್ಲೆಲ್ಲ ಖಾಲಿ ಕ್ಯಾರಿಯರ್ ಗಡಗಡ ಅನ್ನುತ್ತದೆ. ಹೆಂಡತಿ ಕೂತಿರುವಾಗ ಅದರ ಸದ್ದೇ ಕೇಳಿರಲಿಲ್ಲ. ಮಗಳ ಬಾಣಂತನಕ್ಕೆಂದು ಆಕೆ ಸೊಲ್ಲಾಪುರಕ್ಕೆ ಹೋಗಿ ನಾಲ್ಕು ತಿಂಗಳಾಯಿತು.

ಸರಸಂಬಾ ಆಕೆಯ ತವರು. ತವರಿನ ಅಗಸಿಯೊಳಗೆ ಗಂಡನ ಸೈಕಲ್ ಮೇಲೆ ಕೂತು ಹೋಗಬಾರದೆಂದು ಪ್ರತಿ ಸಲವೂ ಊರಬಾಗಿಲಿಗೆ ಮೊದಲೇ, ಬೇವಿನ ಗಿಡದ ಹತ್ತಿರ ಇಳಿದುಬಿಡುತ್ತಿದ್ದಳು. ನಾನೂ ಇಳಿದು ಸೈಕಲ್ ತಳ್ಳುತ್ತಿದ್ದೆ. ಇವತ್ತು ಒಬ್ಬನೇ ಇದ್ದರೂ ಕಾಲು ಅಲ್ಲೇ ನೆಲಕ್ಕೆ ಊರಿತು.

ಗಿಡದ ಕೆಳಗೆ ಚಹಾ ಮಾರುವ ಮುದುಕಿ ನೋಡಿದಳು. "ಯಾಕ್ರಿ ಅಳಿಯಾರ, ಪಂಕ್ಚರ್ ಆತೇನ್ರಿ?"

"ಇಲ್ಲವ್ವಾ, ಆಕಿ ಇಳೀಲಿ ಅಂತ ನಿಂತೆ."

ಬಾಯಿ ತಪ್ಪಿ ಬಂದ ಮಾತಿಗೆ ನಾಚಿಕೆಯಾಯಿತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಇಳಿದವನು ನಾನು. ಯಾರ ಮುಂದೂ ಇದು ಬೇಕು ಎಂದು ಕೇಳಿದವನಲ್ಲ. ಫೋನಿನಲ್ಲೂ ಆಕೆಗೆ, "ನನಗೇನೂ ತ್ರಾಸಿಲ್ಲ, ಆರಾಮ ಬಾ" ಎಂದೇ ಹೇಳುತ್ತ ಬಂದಿದ್ದೆ.

ಮುದುಕಿ ಚಹಾ ಸೋಸುತ್ತ, "ಇದನ್ನ ಅಕಿಗಿ ಹೇಳ್ರಿ, ನನಗ್ಯಾಕ ಹೇಳ್ತೀರಿ?" ಅಂದಳು.

ಫೋನ್ ಹಚ್ಚಿದೆ. "ಎಲ್ಲಿದ್ದೀರಿ?" ಎಂದಳು ಹೆಂಡತಿ.

"ನಿಮ್ಮೂರ ಅಗಸಿ ಮುಂದ. ಯಾವಾಗ ಬರ್ತಿ?"

ಅತ್ತ ಕಡೆ ಕೂಸಿನ ಅಳು ಕೇಳಿಸಿತು. ಅದನ್ನು ಸಮಾಧಾನ ಮಾಡಿದ ಮೇಲೆ ಅಂದಳು: "ಇದೊಂದ್ ಮಾತ್ ಕೇಳಾಕ ನಾಕ್ ತಿಂಗಳ ಬೇಕಾತೇನ್ರಿ ನಿಮಗ?"