ಎಲ್ಲವೂ ತುರ್ತು

ಔಷಧಿ ಗೋದಾಮಿನಲ್ಲಿ ಅವನ ಅಡ್ಡಹೆಸರು ‘ಆಯ್ತು ಬಿಡಿ’. ಯಾರು ಏನೇ ಕೇಳಲಿ, ಬಾಯಿಂದ ಬರುತ್ತಿದ್ದದ್ದು ಅದೊಂದೇ ಮಾತು. ಇಲ್ಲ ಎನ್ನಲು ನಾಲಿಗೆಯೇ ಹೊರಳದ ಪುಣ್ಯಾತ್ಮ!

ಅಲ್ಲಿನ ಇಪ್ಪತ್ತು ತಣ್ಣನೆಯ ಕೋಣೆಗಳಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್‌ಗಳನ್ನು ಕೂರಿಸಿದವನು ಅವನೇ. ತಂತಿಯಿಲ್ಲದೆ ಒಂದರಿಂದ ಇನ್ನೊಂದಕ್ಕೆ ಸುದ್ದಿ ದಾಟಿಸುತ್ತ, ಅವು ಕಚೇರಿಯ ಪರದೆಗೆ ತಾಪಮಾನ ಮುಟ್ಟಿಸುತ್ತಿದ್ದವು. ದಾರಿ ಒಂದೇ, ಸುದ್ದಿ ನೂರಾರು. ಅದಕ್ಕೇ ಲಸಿಕೆ ಕೋಣೆಯ ಸುದ್ದಿಗೆ ಮಾತ್ರ ‘ತುರ್ತು’ ಎಂಬ ಗುರುತು ಹಾಕಿದ್ದ. ದಟ್ಟಣೆಯಾದರೆ ಮಿಕ್ಕವು ಸರಿದು ಅದಕ್ಕೆ ದಾರಿ ಬಿಡಬೇಕು.

ಮುಲಾಮಿನ ವಿಭಾಗದವರು ಬಂದು, “ನಮ್ಮದೇನು ಬಿಟ್ಟಿ ಬಿದ್ದಿದೆಯಾ? ನಮಗೂ ತುರ್ತು ಹಾಕ್ರೀ” ಎಂದರು. ಆಯ್ತು ಬಿಡಿ. ಟಾನಿಕ್ಕಿನವರು ಬಂದರು. ಆಯ್ತು ಬಿಡಿ. ಮ್ಯಾನೇಜರಿಗೆ ಪರದೆಯ ಅಂಕಿ ಪಟಪಟ ಬದಲಾಗಬೇಕಿತ್ತು. ಹತ್ತು ನಿಮಿಷಕ್ಕೊಮ್ಮೆ ಬರುತ್ತಿದ್ದ ಸುದ್ದಿ ಹತ್ತು ಸೆಕೆಂಡಿಗೊಮ್ಮೆ ಬರತೊಡಗಿತು. ಕೊನೆಗೆ ಇಪ್ಪತ್ತು ಕೋಣೆಯೂ ತುರ್ತೇ.

ಒಂದು ಮಧ್ಯಾಹ್ನ ಲಸಿಕೆ ಕೋಣೆಯ ತಂಪು ಯಂತ್ರ ನಿಂತು, ಮೂರು ಗಂಟೆ ಕಾಲ ಕಳೆದ ಮೇಲೆ ತಾನಾಗಿಯೇ ಶುರುವಾಯಿತು. ಆ ಸುದ್ದಿ ನೂಕುನುಗ್ಗಲಿನಲ್ಲಿ ಸಿಕ್ಕಿ ದಾರಿಯಲ್ಲೇ ಕಳೆದುಹೋಗಿತ್ತು. ಪರದೆ ಹಳೆಯ ನಾಲ್ಕು ಡಿಗ್ರಿಯನ್ನೇ ತೋರಿಸುತ್ತ ಕೂತಿತ್ತು. ಮರುದಿನ ನೋಡಿದರೆ ಸೀಸೆಗಳ ಮೇಲಿನ ಚೀಟಿ ಮಾತ್ರ ಬಿಸಿಗೆ ಬಣ್ಣ ಬದಲಿಸಿತ್ತು. ಲಸಿಕೆಯೆಲ್ಲ ಹಾಳು.

ಆ ಕೋಣೆ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಹದಿನೆಂಟು ವರ್ಷ ಗಂಟೆಗೊಮ್ಮೆ ಒಳಹೋಗಿ ಥರ್ಮಾಮೀಟರ್ ನೋಡಿದವಳು. “ಇನ್ನು ಬೇಡಕ್ಕ, ಹೆಚ್ಚುಕಮ್ಮಿ ಆದ್ರೆ ಗಂಟೆ ಹೊಡೆಯುತ್ತೆ” ಎಂದು ಅದನ್ನು ನಿಲ್ಲಿಸಿದವನೂ ಇವನೇ.

“ಗಂಟೆ ಹೊಡೀಲಿಲ್ಲ ಸಾರ್” ಎಂದಳು ಅಕ್ಕ.

“ಯಾಕೆ ಹೊಡೆಯುತ್ತೆ? ಲಸಿಕೆ ಪೆಟ್ಟಿಗೆಗಳನ್ನ ನೀನೇ ಹೊರಗೆ ಬಿಟ್ಟಿರ್ತೀಯ” ಎಂದ ಮ್ಯಾನೇಜರು ಇವನತ್ತ ತಿರುಗಿದರು. “ಏನ್ರೀ, ಪರದೆ ಸರಿ ಇದೆ ತಾನೆ?”

ಬೆಳಿಗ್ಗೆಯೇ ಅವನು ದಾಖಲೆ ತೆರೆದು ನೋಡಿದ್ದ. ಹಿಂದಿನ ದಿನ ಮೂರು ಗಂಟೆ ಕಾಲ ಆ ಕೋಣೆಯಿಂದ ಒಂದು ಸುದ್ದಿಯೂ ಬಂದಿರಲಿಲ್ಲ. ಆದರೂ “ಸರಿ ಇದೆ ಸಾರ್” ಎಂದುಬಿಟ್ಟ! ಅಂದೇ ಅಕ್ಕನನ್ನು ಕೆಲಸದಿಂದ ತೆಗೆದರು.

ಹತ್ತು ದಿನ ಅವನಿಗೆ ತನ್ನ ಮೇಲೆ ತನಗೇ ಹೇಸಿಗೆ. ಹನ್ನೊಂದನೆಯ ದಿನ ಅವಳ ಮನೆ ಹುಡುಕಿಕೊಂಡು ಹೋದ.

“ಬಾರಪ್ಪ, ಕೂತ್ಕೋ” ಎಂದು ಅಕ್ಕ ಕುರ್ಚಿ ಎಳೆದಳು. “ನಾನೇ ಬರೋಣ ಅಂತಿದ್ದೆ. ಪೆಟ್ಟಿಗೆ ಒಳಗಿಟ್ಟೆನೋ ಇಲ್ವೋ, ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ ಕಣಪ್ಪ. ಈಗ ಒಲೆ ಆರಿಸಿದೀನಾ ಅಂತಲೂ ಸೊಸೇನ ಕೇಳ್ತೀನಿ. ನನ್ನಿಂದ ನಿನ್ನ ಯಂತ್ರಕ್ಕೂ ಕೆಟ್ಟ ಹೆಸರು ಬರ್ತಿತ್ತು. ತಪ್ಪಾಯ್ತು.”

ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು ಅವನಿಗೆ. “ನೀವು ಒಳಗೇ ಇಟ್ಟಿದ್ರಿ ಅಕ್ಕ. ತಪ್ಪು ನಂದು. ನನಗೆ ಅವತ್ತೇ ಗೊತ್ತಿತ್ತು.”

“ಅವತ್ತೇನಾ?”

ಅವನು ಹೌದೆಂದು ತಲೆಯಾಡಿಸಿದ. ಅವಳು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಳಕೋಣೆಯತ್ತ ತಿರುಗಿ ಸೊಸೆಯನ್ನು ಕೂಗಿ ಕರೆದಳು.

“ಹೇಳು” ಎಂದಳು ಅವನಿಗೆ. “ಮೊದಲು ಇವಳ ಮುಂದೆ ಹೇಳು. ಮರೀತೀನಿ ಅಂತ ಇವಳು ನನಗೆ ಮನೆ ಬೀಗದ ಕೈ ಕೊಡೋದನ್ನೇ ಬಿಟ್ಟಿದ್ದಾಳೆ.”